ನಿಲ್ಲಿಸಿದ್ದು ನಾನೇ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ರೇಷ್ಮೆ ಬೆಳೆಗಾರರದೊಂದು ಸಂಘವಿತ್ತು. ಅಲ್ಲಿ ನಾನು ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ದೆ. ಗುಡಿಸುವುದು, ನೀರು ತುಂಬುವುದು, ಬಾಗಿಲು ತೆಗೆಯುವುದು, ಹಾಕುವುದು ನನ್ನ ಕೆಲಸ. ಒಳಗಿನ ಚಿಕ್ಕ ಕೋಣೆಯಲ್ಲಿ ಸರ್ವರ್ ಅನ್ನುವ ಕಂಪ್ಯೂಟರ್ ಇಟ್ಟಿದ್ದರು. ದಿನದ ಗೂಡಿನ ಧಾರಣೆಯನ್ನು ಅದರೊಳಗೆ ಹಾಕಿದರೆ ದಿಬ್ಬೂರಹಳ್ಳಿ, ಚಿಂತಾಮಣಿ ಕಡೆ ಕಂಪ್ಯೂಟರ್ ಅಂಗಡಿಯಲ್ಲಿ ಕೂತವರಿಗೆ ಕಾಣುತ್ತಿತ್ತು. ಗೂಡು ಬಿಡಿಸಿದ ಜನ ಅದನ್ನು ನೋಡಿಕೊಂಡು ಯಾವ ಮಾರುಕಟ್ಟೆಗೆ ಹೋಗುವುದೆಂದು ಗೊತ್ತು ಮಾಡುತ್ತಿದ್ದರು.

ಅದನ್ನು ನೋಡಿಕೊಳ್ಳಲು ಗೌತಮಿ ಅನ್ನುವ ಹುಡುಗಿ ಏಪ್ರಿಲ್‌ನಲ್ಲಿ ಬಂದಳು. ಮುದ್ದೇನಹಳ್ಳಿಯವಳು. ತಂದೆ ಇಲ್ಲ; ತಾಯಿಯೂ ಓದುವ ತಂಗಿಯೂ ಇವಳನ್ನೇ ನೆಚ್ಚಿದ್ದರು. ಆರು ತಿಂಗಳ ಮೇಲೆ ಕಮಿಟಿ ಸೇರಿ ಕೆಲಸ ಕಾಯಂ ಮಾಡುವುದೋ, ಕಳಿಸುವುದೋ ಹೇಳಬೇಕಿತ್ತು.

2008ರಲ್ಲಿ ಆಯುಧಪೂಜೆ ಬುಧವಾರ ಬಂತು. ಗೌತಮಿಯ ಮನೆಯವರು ಬೌದ್ಧರು. ವಿಜಯದಶಮಿ ಅವರಿಗೆ ಬೌದ್ಧ ದೀಕ್ಷೆ ಪಡೆದ ನೆನಪಿನ ದಿನ. ಎರಡು ದಿನ ರಜ ಹಾಕಿದಳು. "ತಾತ, ಪೂಜೆ ನೀವೇ ಮಾಡ್ಕಳಿ. ಕುಂಕುಮ ಮಾತ್ರ ಮಿಷನ್ ಒಳಕ್ ಉದುರಿಸ್ಬೇಡಿ" ಅಂದು ನಗುತ್ತಾ ಹೋದಳು.

ಪೂಜೆಯ ದಿನ ಯಾವ ಆಯುಧವೂ ದುಡಿಯಬಾರದು. ತಕ್ಕಡಿ ಇಳಿಸಿದೆ. ಜನರೇಟರ್ ತೊಳೆದು ವಿಭೂತಿ ಬಳಿದೆ. ಸರ್ವರ್ ಒಂದೇ ಗುಂಯ್ ಅನ್ನುತ್ತಿತ್ತು. ನೊಗ ಹೊತ್ತಿರುವ ಎತ್ತಿಗೆ ಯಾರೂ ಹೂ ಮುಡಿಸುವುದಿಲ್ಲ. ಮುಂದಿದ್ದ ದಪ್ಪ ಗುಂಡಿಯನ್ನು ಒತ್ತಿ ಹಿಡಿದೆ. ಸದ್ದು ನಿಂತಿತು. ಹೂವಿಟ್ಟು, ಕೈಮುಗಿದು, ಬೀಗ ಹಾಕಿಕೊಂಡು ಹೋದೆ. ಶುಕ್ರವಾರ ಬೆಳಗ್ಗೆ ಅದೇ ಗುಂಡಿ ಒತ್ತಿದೆ. ದೀಪ ಹತ್ತಿತು, ಫ್ಯಾನು ತಿರುಗಿತು. ಸರಿಹೋಯಿತು ಅಂದುಕೊಂಡೆ.

ಎಂಟು ಗಂಟೆಗೆ ದಿಬ್ಬೂರಹಳ್ಳಿಯಿಂದ ನಲ್ಲಪ್ಪ ಫೋನ್ ಮಾಡಿದ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು ಅವನೇ.

"ಏಮಿ ಕೋನಪ್ಪಣ್ಣ, ನಿಮ್ ಡಬ್ಬ ಹಬ್ಬದೂಟ ಮಾಡಿ ಇನ್ನೂ ಮಲ್ಗೈತಾ? ಏನೂ ಬರ್ತಿಲ್ಲ. ಇಲ್ಲಿ ಜನ ನನ್ನ ತಿಂತಾವ್ರೆ."

ಗೌತಮಿ ಬಂದವಳು ಬ್ಯಾಗ್ ಕೂಡ ಇಳಿಸದೆ ಕೂತಳು. ಟಕಟಕ ಒತ್ತಿದಳು. ಪ್ರತಿ ಸಲವೂ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಪದ ಬರುತ್ತಿತ್ತು.

"ದೀಪ ಬಂದೈತಲ್ಲಮ್ಮ?" ಅಂದೆ.

"ಕಂಪ್ಯೂಟರ್ ಎದ್ದೈತೆ ತಾತ. ಅದ್ರೊಳಗೆ ಹಿಂದೆ ಕೂತು ಕೆಲ್ಸ ಮಾಡೋ ಸರ್ವಿಸ್ ಒಂದೈತೆ. ಧಾರಣೇನ ಹೊರಕ್ ಕಳ್ಸೋದು ಅದು. ಅದು ಎದ್ದೇಳ್ತಿಲ್ಲ."

"ಏನಂತೈತೆ?"

"ಆಗಲ್ಲ ಅಂತೈತೆ. ಯಾಕಾಗಲ್ಲ ಅಂತ ಬಾಯ್ ಬಿಡ್ತಿಲ್ಲ."

ಮಿಷನ್ ಕೊಟ್ಟವರಿಗೆ ಬೆಂಗಳೂರಿಗೆ ಫೋನ್ ಮಾಡಿದಳು. ಲಾಗ್ ನೋಡಿ ಅಂದರಂತೆ. ಸರ್ವಿಸ್ ತನ್ನ ಕಷ್ಟಸುಖವನ್ನೆಲ್ಲ ಬರೆದುಕೊಳ್ಳುವ ದಿನಚರಿ ಅದು. ಏಳದೆ ಹೋದರೆ ಕಾರಣ ಅದರಲ್ಲಿ ಬರೆದಿರುತ್ತದೆ. ಹುಡುಕಿದಳು. ಆ ದಿನಚರಿಯೇ ಎಲ್ಲೂ ಸಿಗಲಿಲ್ಲ.

ಕಾರ್ಯದರ್ಶಿ ಆವಲಪ್ಪನವರು ಬಾಗಿಲಲ್ಲಿ ಬಂದು ನಿಂತರು.

"ಹತ್ತಕ್ಕೆ ಹರಾಜು. ಅಷ್ಟೊತ್ಗೆ ಬರ್ಲಿಲ್ಲ ಅಂದ್ರೆ ನಾಳೆ ಕಮಿಟೀಲಿ ನಿನ್ ಹೆಸ್ರು ನಾನ್ ಎತ್ತಲ್ಲ ಕಣಮ್ಮ. ಹುಡ್ಗಿ ಕೈಲಿ ಆಗಲ್ಲ ಅಂತ ಮೊದ್ಲೇ ಹೇಳಿದ್ರು. ಮಿಷನ್ ಕೆಡ್ಸಿಟ್ಟು ಎರಡು ದಿನ ಊರು ಸುತ್ತೋಕ್ ಹೋಗಿದ್ದೀಯ."

ಅವಳು ಟಕಟಕ ಒತ್ತುತ್ತಲೇ ಇದ್ದಳು. ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ.

"ಸಾಮಿ, ನಿಲ್ಸಿದ್ದು ನಾನೇ. ಪೂಜೆ ದಿನ."

"ಏನಂದೆ?"

"ಗುಂಡಿ ಒತ್ತಿ ನಿಲ್ಸಿದೆ. ಆ ಮಗು ಊರಲ್ಲೇ ಇರ್ಲಿಲ್ಲ."

ಆವಲಪ್ಪನವರು ನನಗಿಂತ ಹತ್ತು ವರ್ಷ ಚಿಕ್ಕವರು. ಆವತ್ತು ಬಾಯಿಗೆ ಬಂದಂತೆ ಬೈದರು. "ಇದೇನ್ ನಿಮ್ಮಪ್ಪನ ನೇಗ್ಲೇನಯ್ಯ, ತೊಳ್ದು ಮೂಲೆಗೊರಗ್ಸೋಕೆ?" ಅಂದರು. ಬೈದು ಬೈದು ಹೊರಗೆ ಹೋದರು.

ಗೌತಮಿ ಕುರ್ಚಿ ತಿರುಗಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ತಾತ, ಇದಕ್ ಮುಂಚೆ ಈ ಮಿಷನ್ ಯಾವಾಗ ಆಫ್ ಆಗಿತ್ತು?"

"ಯುಗಾದಿಗ್ ಮುಂಚೆ. ಹೊಸ ಬ್ಯಾಟರಿ ಪೆಟ್ಟಿಗೆ ತಂದಾಗ. ಅವತ್ತು ಎದ್ದಿತ್ತು."

"ಹಂಗಾದ್ರೆ ಈಚೆಗೆ ಏನೋ ಬದ್ಲಾಗೈತೆ. ಓಡ್ತಿರೋವಾಗ ಗೊತ್ತಾಗ್ದೆ, ಎದ್ದೇಳೋವಾಗ ಅಡ್ಡ ಬರೋವಂಥದ್ದು. ಈ ರೂಮಲ್ಲಿ ಯಾರ್ ಯಾರು ಏನ್ ಮಾಡಿದ್ರು, ಹೇಳಿ."

ನಾನು ಒಂದೊಂದಾಗಿ ಹೇಳಿದೆ. ಯುಗಾದಿ ಕಳೆದು ನಾಲ್ಕನೇ ದಿನ ಹಳೆಯ ಆಪರೇಟರ್ ಸುನೀಲ್‌ಕುಮಾರ್ ಕೆಲಸ ಬಿಟ್ಟದ್ದು. ಮೇ ತಿಂಗಳಲ್ಲಿ ಟೆಲಿಫೋನಿನವರು ತಂತಿ ಬದಲಾಯಿಸಿದ್ದು. ಮಳೆ ಸೋರಿ ಮೇಜನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದದ್ದು. ಅವಳು ಒಂದೊಂದಕ್ಕೂ ತಲೆಯಾಡಿಸಿ, ಅದಲ್ಲ ಅಂದಳು.

"ಆಷಾಢದಲ್ಲಿ ಒಂದ್ ಮಂಗಳವಾರ, ಒಳ್ಗೆ ಜಾಗ ತುಂಬೋಗೈತೆ ಅಂತ ಊಟಾನೂ ಮಾಡ್ದೆ ಕೂತಿದ್ದೆಯಲ್ಲಮ್ಮ. 'ತಾತ, ನಿಮಗಿಂತ ಚೆನ್ನಾಗಿ ಗುಡ್ಸಿದೀನಿ ನೋಡಿ, ಹಳೇ ಕಸ ಪೆಟ್ಟಿಗೆ ಸಮೇತ ಎತ್ ಬಿಸಾಕ್ದೆ' ಅಂದೆ."

ಅವಳ ಕೈ ನಿಂತಿತು.

ಆಮೇಲೆ ಮೆಲ್ಲಗೆ ಹೇಳಿದಳು. "ದಿನಚರಿ ಇರೋ ಫೋಲ್ಡರ್ ಅದು. ಹಳೇವ್ ಮಾತ್ರ ತೆಗೀಬೇಕಿತ್ತು. ಫೋಲ್ಡರ್ರೇ ತೆಗ್ದಿದೀನಿ. ಅವತ್ತು ಸರ್ವಿಸ್ ಎದ್ದಿತ್ತಲ್ಲ, ತೆರೆದಿದ್ದ ಪುಸ್ತಕ ಕೈಲೇ ಇತ್ತು, ಬರ್ಕೊಂಡ್ ಹೋಯ್ತು. ಈಗ ಎದ್ದೇಳೋವಾಗ ಹೊಸ ಪುಸ್ತಕ ತೆರೀಬೇಕು. ಬರ್ಯೋಕ್ ಜಾಗ ಇಲ್ಲ, ಅದಕ್ಕೇ ಏಳಲ್ಲ ಅಂತೈತೆ."

"ಅಂದ್ರೆ?"

"ನೀವಲ್ಲ ತಾತ. ಕರೆಂಟ್ ಹೋಗಿ ಬ್ಯಾಟರಿ ಮುಗ್ದಿದ್ರೂ ಹಿಂಗೇ ಆಗೋದು. ನಂದೇ ತಪ್ಪು."

ಆ ಫೋಲ್ಡರನ್ನು ಮತ್ತೆ ಮಾಡಲು ಒಂದೇ ಒಂದು ಸಾಲು ಒತ್ತಿದಳು. ಕೆಂಪು ಬರುತ್ತಿದ್ದ ಕಡೆ ಹಸಿರು ಬಂತು. ಗಡಿಯಾರದಲ್ಲಿ ಹತ್ತಕ್ಕೆ ಏಳು ನಿಮಿಷವಿತ್ತು.

ಆವಲಪ್ಪನವರು ಓಡಿ ಬಂದರು. "ನಲ್ಲಪ್ಪ ಫೋನ್ ಮಾಡ್ದ, ಬಂತಂತೆ! ಏನಾಗಿತ್ತಮ್ಮ?"

ಗೌತಮಿ ಪರದೆಯನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಪರದೆಯನ್ನು ನೋಡಿದಳು.

"ದಿಢೀರಂತ ಆಫ್ ಮಾಡಿದ್ರಲ್ಲ ಸಾರ್... ಅದಕ್ಕೆ."

"ನಾನ್ ಹೇಳ್ಲಿಲ್ವಾ! ಕೋನಪ್ಪ, ಕೊಡಿಲ್ಲಿ ಬೀಗದ ಕೈ. ಇನ್ಮೇಲೆ ಗೇಟ್ ನೋಡ್ಕೊ ಸಾಕು. ಈ ರೂಮಿಗ್ ಕಾಲಿಡ್ಬೇಡ."

ಉಡುದಾರದಿಂದ ಬಿಚ್ಚಿ ಕೊಟ್ಟೆ. ಗಂಟು ಬಿಗಿದಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ತಲೆ ಎತ್ತಲಿಲ್ಲ.

ಮಧ್ಯಾಹ್ನ ಗೇಟಿನ ಹತ್ತಿರ ಬಂದಳು. ಕಣ್ಣು ಊದಿತ್ತು. "ಹೇಳಿಬಿಡ್ತೀನಿ ತಾತ. ಈಗ್ಲೇ ಹೋಗಿ ಹೇಳ್ತೀನಿ."

"ನಾಳೆ ಕಮಿಟಿ ಆಗ್ಲಿ, ಸುಮ್ಕಿರಮ್ಮ. ನಿಲ್ಸಿದ್ದಂತೂ ನಾನೇ ತಾನೇ."

ಕಮಿಟಿ ಆಯಿತು. ಕೆಲಸ ಕಾಯಂ ಆಯಿತು. ಕೋನಪ್ಪ ಪೂಜೆ ಮಾಡಿ ಕಂಪ್ಯೂಟರನ್ನು ಸಾಯಿಸಿದ ಅನ್ನುವ ಮಾತು ಟೀ ಅಂಗಡಿಗಳಲ್ಲೆಲ್ಲ ನಗುವಿಗೆ ವಸ್ತುವಾಯಿತು.

ಸುಮ್ಮನಿರು ಅಂದವನು ನಾನೇ. ಆದರೂ ಸೋಮವಾರ ಕಾದೆ. ಮಂಗಳವಾರವೂ ಕಾದೆ. ಅವಳು ಆವಲಪ್ಪನವರ ಕೋಣೆಗೆ ಹೋದಾಗಲೆಲ್ಲ ನನ್ನ ಕಿವಿ ಅಲ್ಲೇ ಇರುತ್ತಿತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಆಮೇಲಾಮೇಲೆ ಗೌತಮಿ ಗೇಟು ದಾಟುವಾಗ ಮೊಬೈಲನ್ನು ಕಿವಿಗಿಟ್ಟುಕೊಂಡು, ಮಾತಾಡುತ್ತಾ ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡಳು.

ಒಂದು ದಿನ ಹಾಗೆ ಕಿವಿಗಿಟ್ಟುಕೊಂಡು ಮಾತಾಡುತ್ತಾ ಬರುತ್ತಿರುವಾಗಲೇ ಅದು ರಿಂಗಾಯಿತು. ಅವಳು ನಿಂತುಬಿಟ್ಟಳು. ನಾನು ಗೇಟು ಪೂರಾ ತೆಗೆದು, ರಸ್ತೆಯ ಕಡೆ ತಿರುಗಿಕೊಂಡೆ.