ಉಬ್ಬಿದ ಬ್ಯಾಟರಿಗೆ ದಬ್ಬಣ ಬೇಡ

ಸುಗಟೂರಿನ ಆವಲಪ್ಪನಿಗೆ ಹಸುಗಳ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿಲ್ಲ. ತೊಂದರೆ ಏನೆಂದರೆ, ಲೋಕದ ಎಲ್ಲಾ ಕಾಯಿಲೆಗೂ ಅವನಿಗೆ ಹಸುವಿನ ಔಷಧವೇ ತೋಚುತ್ತದೆ.

ಅವನ ಮಗಳು ಮಾನಸ ಕೋಲಾರದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ಅವಳ ಫೋನಿಗೆ ಐದು ವರ್ಷ. ಕಂಪನಿ ಅಪ್‌ಡೇಟ್ ನಿಲ್ಲಿಸಿತ್ತು. ಆದರೆ ಅದು ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲು ಅವಕಾಶವಿರುವ ಫೋನು. ಹೊಸದು ಹಾಕಿದರೆ ಇನ್ನೂ ಎರಡು ವರ್ಷ ಓಡುತ್ತದೆ ಎಂದು ಭಾನುವಾರ ಮುಹೂರ್ತ ಇಟ್ಟಳು. ಚಾರ್ಜ್ ಹತ್ತೇ ಪರ್ಸೆಂಟ್ ಇತ್ತು. ಮೊದಲು ತುಂಬಲಿ ಎಂದು ಕೈಗೆ ಸಿಕ್ಕಿದ ಚಾರ್ಜರ್ ಹಾಕಿ, ಫೋನನ್ನು ಹಾಸಿಗೆ ಮೇಲೆ ಬಿಟ್ಟು, ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಹೋದಳು.

ಸ್ವಲ್ಪ ಹೊತ್ತಿಗೆ ಆವಲಪ್ಪ ಕೂಗಿದ. "ಲೇ ಶ್ಯಾಮಲೂ, ಗೋಣಿ ಹೊಲಿಯೋ ದಬ್ಬಣ ಎಲ್ಲೇ? ಈ ಫೋನ್‌ಗೆ ಹೊಟ್ಟೆ ಉಬ್ಬರ ಬಂದೈತೆ!"

"ಅದೇನ್ ಹಸಿ ಸೊಪ್ಪು ತಿಂತಾ?" ಎಂದು ಹೆಂಡತಿ ಶ್ಯಾಮಲಮ್ಮ ನಕ್ಕಳು.

ಆದರೆ ನಿಜವಾಗಿಯೂ ಫೋನಿನ ಬೆನ್ನು ಉಬ್ಬಿ, ಮುಚ್ಚಳ ಬಾಯಿ ಬಿಟ್ಟಿತ್ತು.

"ಹೋದ ವರ್ಷ ನಮ್ ಹಸು ಗೌರಿಗೆ ಡಾಕ್ಟ್ರು ಚುಚ್ಚಿ ಗಾಳಿ ಬಿಡಿಸ್ಲಿಲ್ವಾ? ಸಂಜೆಗೆ ಎದ್ದು ಮೇವು ತಿಂದ್ಳು. ಇದೂ ಹಂಗೇ" ಎಂದು ಆವಲಪ್ಪ ದಬ್ಬಣ ಹುಡುಕಿ ತಂದೇಬಿಟ್ಟ.

ಅಷ್ಟರಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆ ಸೊಸೆ ಶ್ವೇತ ಬಂದಳು. ಬಸ್ ಸ್ಟಾಪ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವಳು.

"ಮಾವ! ಚುಚ್ಬೇಡಿ!" ಎಂದು ಲೋಟ ಅಲ್ಲೇ ಬಿಟ್ಟು ಓಡಿದಳು.

"ಬರೀ ಗಾಳಿ ಕಣಮ್ಮ."

"ಬ್ಯಾಟರಿ ಒಳಗೆ ಪದರ ಪದರ ಇರುತ್ತೆ ಮಾವ. ಚುಚ್ಚಿದ್ರೆ ಪದರ ಒಂದಕ್ಕೊಂದು ತಾಗಿ, ನಿಮ್ ಮುಖದ ಮುಂದೇನೇ ಬೆಂಕಿ ಹತ್ಕೊಳ್ಳುತ್ತೆ. ಕಣ್ಣು ಹೋಗುತ್ತೆ!"

ಆವಲಪ್ಪ ದಬ್ಬಣ ಕೆಳಗಿಟ್ಟ. "ಹಂಗಾದ್ರೆ ಗುಂಡುಕಲ್ಲು ಇಟ್ಟು ಒತ್ತೋಣ್ವಾ?"

"ಅಯ್ಯೋ, ಒತ್ತೋದೂ ಬೇಡ!"

ಶ್ವೇತ ಮೊದಲು ಸ್ವಿಚ್ ಆರಿಸಿ ಚಾರ್ಜರ್ ಬಿಡಿಸಿದಳು. ಫೋನ್ ಆಫ್ ಮಾಡಿ, ಒಣ ಮರಳಿದ್ದ ಮಣ್ಣಿನ ಕುಂಡದಲ್ಲಿ ಮೆಲ್ಲಗೆ ಇಟ್ಟು, ಹುಲ್ಲಿನ ಬಣವೆಯಿಂದ ದೂರ ಅಂಗಳಕ್ಕೆ ಒಯ್ದಳು. "ಹೊಗೆ ಬರ್ತಿದ್ರೆ ನಾನೂ ಮುಟ್ತಿರ್ಲಿಲ್ಲ. ಎಲ್ರನ್ನೂ ಆಚೆ ಕರ್ಕೊಂಡು 112ಕ್ಕೆ ಫೋನ್ ಮಾಡ್ತಿದ್ದೆ" ಎಂದಳು.

ಸೊಪ್ಪಿನ ಹೊರೆಯೊಂದಿಗೆ ಬಂದ ಮಾನಸ ಅಳುವುದೊಂದು ಬಾಕಿ. "ಅಕ್ಕ, ಇವತ್ತು ಹೊಸ ಸಿಸ್ಟಮ್ ಹಾಕೋಣ ಅಂತಿದ್ದೆ. ಪ್ರಾಜೆಕ್ಟ್ ಫೋಟೊ ಎಲ್ಲಾ ಅದ್ರಲ್ಲೇ ಇದೆ. ಗುರುವಾರ ತೋರಿಸ್ಬೇಕು."

"ಕಾಪಿ ಮಾಡ್ಕೊಂಡಿಲ್ವಾ? ಹೊಸ ಸಿಸ್ಟಮ್ ಹಾಕಿದ್ರೆ ಎಲ್ಲಾ ಅಳಿಸಿ ಹೋಗ್ತಿತ್ತು ಕಣೇ! ಹಳೇ ಬ್ಯಾಟರಿ ಇವತ್ತೇ ಉಬ್ಬಿದ್ದು ನಿನ್ನ ಪುಣ್ಯ."

ಮಂಗಳವಾರ ಶ್ವೇತ ಅದೇ ಮಾಡೆಲ್‌ಗೆ ಸರಿಹೊಂದುವ ಹೊಸ ಬ್ಯಾಟರಿ ಹಾಕಿದಳು. ಫೋನು ಕಣ್ಣು ಬಿಟ್ಟಿತು. ಫೋಟೊಗಳೆಲ್ಲ ಇದ್ದವು. ಮಾನಸ ಮೊದಲು ಅವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಆಮೇಲೆ ಎಪ್ಪತ್ತು ಪರ್ಸೆಂಟ್ ಚಾರ್ಜ್ ಮಾಡಿ, ಫೋನನ್ನು ಕಲ್ಲುಚಪ್ಪಡಿ ಮೇಲೆ ಇಟ್ಟು, ಆ ಮಾಡೆಲ್‌ಗೇ ಮಾಡಿದ ಸಿಸ್ಟಮ್ ಹಾಕಲು ಶುರುಮಾಡಿದಳು. ನಡುವೆ ಚಾರ್ಜ್ ಮುಗಿದರೆ ಫೋನು ಏಳದೆ ಹೋಗಬಹುದು ಎಂದು ಶ್ವೇತ ಹೇಳಿದ್ದೇ ತಡ, ಆವಲಪ್ಪ ಎದುರಿಗೇ ಕುಕ್ಕರಗಾಲಲ್ಲಿ ಕೂತ.

"ಕರು ಹಾಕೋ ಹಸು ಮುಂದೆ ಕೂತಂಗೆ ಕೂತವ್ನೆ ನೋಡು" ಎಂದು ಶ್ಯಾಮಲಮ್ಮ ಛೇಡಿಸಿದಳು.

"ಸುಮ್ನಿರೇ, ಬಿಸಿ ಆಗ್ತೈತಾ ನೋಡ್ತಿದ್ದೀನಿ." ಅರ್ಧ ಗಂಟೆಯಲ್ಲಿ ಹೊಸ ಪರದೆ ಬೆಳಗಿತು. ಆವಲಪ್ಪನಿಗೆ ಆದ ಖುಷಿ ಮಗಳಿಗೂ ಆಗಲಿಲ್ಲ. ಹಳೆ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಲು ಹೊರಟವನನ್ನು ಶ್ವೇತ ತಡೆದು, ಇ-ತ್ಯಾಜ್ಯದವರಿಗೆ ಕೊಡಲು ತಾನೇ ಇಟ್ಟುಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಹಳೆ ಫೋನಿಗೆ ಹೊಸ ಜೀವ ಕೊಡಿ, ತಪ್ಪೇನಿಲ್ಲ. ಆದರೆ ಮೊದಲು ಅದರ ಬೆನ್ನು ಮುಟ್ಟಿ ನೋಡಿ. ಉಬ್ಬಿದ್ದರೆ ಚಾರ್ಜ್ ಹಾಕಬೇಡಿ, ಚುಚ್ಚಬೇಡಿ, ಒತ್ತಬೇಡಿ, ತಿಳಿದವರಿಗೆ ತೋರಿಸಿ. ಬೇಕಾದ್ದನ್ನೆಲ್ಲ ಕಾಪಿ ಮಾಡಿಕೊಂಡೇ ಕೆಲಸಕ್ಕೆ ಕೂರಿ. ಫೋನಿನ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅಪ್ಪನ ಕಣ್ಣು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.