ಅರವತ್ತು ಇಂಚಿನ ಟೇಪು

ಪ್ರಣೀತಾಳ ಎತ್ತರ ಐದು ಅಡಿ. ತೊಡೆಸಂದಿನಿಂದ ನೆಲದವರೆಗಿನ ಒಳಗಾಲಿನ ಅಳತೆ, ಶೂ ಸೇರಿ, ಇಪ್ಪತ್ತೊಂಬತ್ತೂವರೆ ಇಂಚು. ಇದು ಅಂದಾಜಲ್ಲ. ದಾದರ್ ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಮೂವತ್ತೊಂದು ವರ್ಷದಿಂದ ಪ್ಯಾಂಟು, ಅಂಗಿ ಹೊಲಿಯುತ್ತಿರುವ ಅವಳಪ್ಪ ಅಣವೀರಪ್ಪನ ಮುಂದೆ ಅಂದಾಜು ಎಂದರೆ ಬೈಗುಳ ಇದ್ದಂತೆ.

ಆ ಭಾನುವಾರ ಬೈಕ್ ಶೋರೂಮಿಗೆಂದು ಸಾಂತಾಕ್ರೂಜ್‌ನಲ್ಲಿ ಲೋಕಲ್ ರೈಲು ಇಳಿದಾಗಲೂ ಅಪ್ಪನ ಕೊರಳಲ್ಲಿ ಟೇಪು ಜೋತಾಡುತ್ತಿತ್ತು. ತೆಗೆಯಲು ಮರೆತಿದ್ದನೋ, ಬೇಕೆಂದೇ ತಂದಿದ್ದನೋ, ಅವಳು ಕೇಳಲಿಲ್ಲ. ಕೇಳಿ ಅವನ ಮನಸ್ಸು ಕೆಡಿಸುವ ದಿನ ಅದಾಗಿರಲಿಲ್ಲ.

ಎರಡು ವರ್ಷದ ಹಿಂದೆ ಗೆಳತಿ ಯಕ್ಷಿತಾಳ ಎತ್ತರದ ಬೈಕನ್ನು ವಿಲೆ ಪಾರ್ಲೆಯ ಸಿಗ್ನಲ್‌ನಲ್ಲಿ ನಿಲ್ಲಿಸಲು ಹೋಗಿ, ಕಾಲು ನೆಲಕ್ಕೆ ಸಿಗದೆ, ಪ್ರಣೀತಾ ಬೈಕಿನ ಸಮೇತ ಮಗುಚಿಕೊಂಡಿದ್ದಳು. ಎಡಗಾಲಿಗೆ ಆರು ವಾರ ಪ್ಲಾಸ್ಟರ್. ಆದರೂ ಬೈಕಿನ ಆಸೆ ಬಿಡಲಿಲ್ಲ. ಬೇರೆ ಬೈಕುಗಳಿಗಿಂತ ಕ್ರೂಸರಿನ ಸೀಟು ತಗ್ಗು, ಬೆನ್ನು ನೆಟ್ಟಗಿಟ್ಟು ಕಾಲು ಮುಂದೆ ಚಾಚಿ ಕೂರಬಹುದು ಎಂದು ಓದಿ ತಿಳಿದ ಮೇಲೆ ಅದೇ ಧ್ಯಾನ. ಕೊನೆಗೆ ಅಪ್ಪ ಒಂದು ಕರಾರು ಹಾಕಿದ: "ಎರಡೂ ಹಿಮ್ಮಡಿ ನೆಲಕ್ಕ ಹತ್ತಿದ್ರ ಕ್ರೂಸರ್. ಹತ್ತಲಿಲ್ಲಂದ್ರ ಸ್ಕೂಟರ್. ಆಮ್ಯಾಲ ಹಠ ಇಲ್ಲ."

ಅವಳು ಒಪ್ಪಿದ್ದಳು. ಅವರ ಮನೆಯಲ್ಲಿ ಒಪ್ಪಿದ ಮಾತು ಕತ್ತರಿಸಿದ ಬಟ್ಟೆಯಂತೆ, ತಿರುಗಿ ಕೂಡುವುದಿಲ್ಲ.

ಅಪ್ಪ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಐದು ಕ್ರೂಸರ್‌ಗಳ ಸೀಟಿನ ಎತ್ತರ ಬರೆದುಕೊಂಡಿದ್ದ. ನಾಲ್ಕರ ಮೇಲೆ ಗೀಟು ಬಿದ್ದಿತ್ತು. ಏಳುನೂರ ನಲವತ್ತು ಮಿಲಿಮೀಟರಿನ, ಅಂದರೆ ಇಪ್ಪತ್ತೊಂಬತ್ತು ಇಂಚು ಚಿಲ್ಲರೆಯ, ನೀಲಿ ಬೈಕು ಅಳತೆಯೊಳಗೇ ಇತ್ತಾದರೂ, "ಇದರಾಗ ಸಡಲ ಇಲ್ಲ" ಎಂದು ಅದನ್ನೂ ಹೊಡೆದುಹಾಕಿದ್ದ. ಯಾವ ಟೇಲರನೂ ಮೈಗಂಟಿದ ಅಳತೆಗೆ ಬಟ್ಟೆ ಕತ್ತರಿಸುವುದಿಲ್ಲ. ಉಳಿದದ್ದು ಕೆಂಪು ಬೈಕು: ಏಳುನೂರ ಇಪ್ಪತ್ತು. ಇಂಚಿನ ಲೆಕ್ಕದಲ್ಲಿ ಇಪ್ಪತ್ತೆಂಟೂಕಾಲಕ್ಕೆ ಕೂದಲೆಳೆಯಷ್ಟು ಹೆಚ್ಚು. ಒಂದು ಇಂಚಿಗೂ ಮಿಕ್ಕಿ ಸಡಿಲು.

ಶೋರೂಮಿನ ಸೇಲ್ಸ್‌ಮನ್ ಅಮೋಲ್ ಕೆಂಪು ಬೈಕನ್ನು ಸ್ಟ್ಯಾಂಡಿನಿಂದ ಎತ್ತಿ ನೆಟ್ಟಗೆ ಹಿಡಿದ. ಪ್ರಣೀತಾ ಕಾಲು ಹಾಯಿಸಿ ಕೂತಳು. ಸೀಟು ಸೋಫಾದಂತೆ ಅಗಲವಾಗಿತ್ತು. ಬಲಗಾಲು ಚಾಚಿದಳು, ಬೆರಳ ತುದಿ ತಾಗಿತು. ಎಡಗಾಲು ಚಾಚಿದಳು, ಬೈಕು ವಾಲಿತು. ಅಮೋಲ್ ಗಬಕ್ಕನೆ ಹ್ಯಾಂಡಲ್ ಹಿಡಿಯದಿದ್ದರೆ ವಿಲೆ ಪಾರ್ಲೆಯ ಕಥೆಯೇ ಆಗುತ್ತಿತ್ತು.

"ಮ್ಯಾಡಮ್, ಉಧರ್ ಸ್ಕೂಟರ್ ಭೀ ಹೈ. ಏಕ್ ಬಾರ್ ಬೈಠ್ ಕೆ ದೇಖೋ ನಾ," ಎಂದ ಅಮೋಲ್ ಮೆಲ್ಲಗೆ, ಸ್ಕೂಟರುಗಳತ್ತ ಕೈತೋರಿಸಿ, ಒಮ್ಮೆ ಕೂತು ನೋಡಿ ಎನ್ನುವಂತೆ.

ಅವಳು ಇಳಿದಳು. ಎಲ್ಲಕ್ಕಿಂತ ತಗ್ಗಿನದೇ ಆಗಲಿಲ್ಲ ಎಂದ ಮೇಲೆ ಇನ್ನೇನು ಉಳಿಯಿತು? ಕರಾರು ಕರಾರೇ. ಸ್ಕೂಟರುಗಳ ಕಡೆ ಎರಡು ಹೆಜ್ಜೆ ಹಾಕಿದಳು.

"ತಡೀ," ಎಂದ ಅಪ್ಪ. ಅವನು ಕೆಂಪು ಬೈಕು ಬಿಟ್ಟು ಕದಲಿರಲಿಲ್ಲ. "ಇಂಚಿಗಿಂತ ಜಾಸ್ತಿ ಉಳೀಬೇಕಿತ್ತು. ಆ ಇಂಚು ಎಲ್ಲಿ ಹೋತು?"

"ಇರ್ಲಿ ಬಿಡ್ರಿ ಅಪ್ಪಾ. ನನ್ನ ಕಾಲ ಗಿಡ್ಡ."

"ಯಾರು ಅಳದಾರ ಆ ಕಾಲ? ನಾ ಅಳದೀನಿ!"

ಅಪ್ಪ ಕುಕ್ಕರಗಾಲಲ್ಲಿ ಕೂತು ನೆಲದಿಂದ ಸೀಟಿನವರೆಗೆ ಟೇಪು ಹಿಡಿದ. ಇಪ್ಪತ್ತೆಂಟೂಕಾಲು. ಕಂಪನಿ ಸುಳ್ಳು ಬರೆದಿರಲಿಲ್ಲ.

"ಅಂಕಲ್, ಬೈಕ್ ಕಾ ಸೂಟ್ ಸಿಲಾನಾ ಹೈ ಕ್ಯಾ?" ಬೈಕಿಗೇ ಸೂಟು ಹೊಲಿಸಬೇಕೇನು ಎಂದು ಅಮೋಲ್ ನಕ್ಕ.

"ಸಿಲಾಯೇಗಾ. ತುಮ್ ಸೀಧಾ ಪಕಡೋ," ಹೊಲಿಸೋಣ, ನೀನು ನೆಟ್ಟಗೆ ಹಿಡಿ ಎಂದು ಅಪ್ಪ ಮಗಳತ್ತ ತಿರುಗಿದ. "ಕೂತಾಗ ಎಲ್ಲಿ ಹಿಡೀತು?"

ಟ್ರಯಲ್‌ಗೆ ಬಂದ ಗಿರಾಕಿಗಳಿಗೆಲ್ಲ ಅವನು ಕೇಳುವ ಪ್ರಶ್ನೆ ಅದು. ಪ್ರಣೀತಾ ಯೋಚಿಸಿದಳು. "ತೊಡಿ ಒಳಮಗ್ಗಲಕ್ಕ. ಕಾಲು ಕೆಳಗ ಇಳಿಯೂ ಬದ್ಲಿ ಆಕಡಿ ಈಕಡಿ ಹೊಂಟಿದ್ದುವು."

ಅಪ್ಪ ಸೀಟಿನ ಅಂಚನ್ನು ಅಂಗೈಯಿಂದ ಸವರಿದ, ಇನ್ನೊಮ್ಮೆ ಸವರಿದ. ಆಮೇಲೆ ಹಣೆ ಚಚ್ಚಿಕೊಂಡ.

"ಶಿವಪುತ್ರಪ್ಪ ಕಾಕಾನ ಅಂಗಿ!"

ಅವರದೇ ಬಿಲ್ಡಿಂಗಿನ ಶಿವಪುತ್ರಪ್ಪನ ಹೊಟ್ಟೆ ದೊಡ್ಡದು. ಅವನ ಮೊದಲ ಅಂಗಿಗೆ ಅಪ್ಪ ಭುಜದಿಂದ ಕೆಳಕ್ಕೆ ನೆಟ್ಟಗೆ ಅಳತೆ ಹಿಡಿದಿದ್ದ. ತೊಟ್ಟಾಗ ಮುಂಭಾಗ ಬೆಲ್ಟಿನ ಮೇಲಕ್ಕೇ ನಿಂತಿತ್ತು. ಬಟ್ಟೆ ಹೊಟ್ಟೆಯನ್ನು ಹತ್ತಿ ಇಳಿಯಬೇಕಲ್ಲ! ಅಂದಿನಿಂದ ಅವನ ಅಂಗಿಗೆ ಮುಂದೆ ಎರಡು ಇಂಚು ಹೆಚ್ಚು.

"ಕಾಲೂ ಹಂಗ ಯವ್ವಾ. ಸೀಟಿನ ಹೊಟ್ಟಿ ಸುತ್ತಿ ಇಳೀತದ. ನಾ ಕೋಲಿನಂಗ ನೆಟ್ಟಗ ಅಳದು ಕೂತೆ."

ಟೇಪಿನ ಉದ್ದ ಅರವತ್ತು ಇಂಚು. ಅದರ ನಡುವನ್ನು ಅಪ್ಪ ಕೆಂಪು ಬೈಕಿನ ಸೀಟಿನ ಮೇಲಿಟ್ಟು, ಎರಡೂ ಕಡೆ ಇಳಿಬಿಟ್ಟ. ತುದಿಗಳು ನೆಲದಿಂದ ಮೂರು ಬೆರಳು ಮೇಲೆಯೇ ತೂಗಿದವು.

ಅವನು ಟೇಪು ಎತ್ತಿಕೊಂಡು, ತಾನೇ ಗೀಟು ಎಳೆದಿದ್ದ ನೀಲಿ ಬೈಕಿನ ಹತ್ತಿರ ಹೋದ. ಪ್ರಣೀತಾ ಹಿಂದೆಯೇ ಓಡಿದಳು. ಎತ್ತರ ಇಪ್ಪತ್ತು ಮಿಲಿಮೀಟರ್ ಹೆಚ್ಚು, ಆದರೆ ಅದರ ಸೀಟು ಟ್ಯಾಂಕಿನ ಬಳಿ ಸೈಕಲ್ ಸೀಟಿನಂತೆ ಸಣ್ಣಗಾಗಿತ್ತು. ಅದರ ಮೇಲೂ ಹಾಗೇ ಇಳಿಬಿಟ್ಟಾಗ ಟೇಪಿನ ಎರಡೂ ತುದಿ ನೆಲದ ಟೈಲ್ಸ್ ಮುಟ್ಟಿದವು.

"ನನ್ನ ಕಾಲು ಎರಡೂ ಸೇರಿದ್ರ ಐವತ್ತೊಂಬತ್ತ ಆಗ್ತದ," ಎಂದಳು ಪ್ರಣೀತಾ. "ಒಂದಿಂಚು ಕಮ್ಮಿ ಬಿತ್ತಲ್ರೀ."

"ನೀ ಕೂತ್ರ ಸೀಟು ಅರ್ಧಾ ಇಂಚರೆ ತಗ್ಗತದ. ಆಕಡಿ ಅರ್ಧಾ, ಈಕಡಿ ಅರ್ಧಾ. ಹತ್ತು, ನೋಡೂಣು."

ಅವಳು ಕೂತಳು. ಬೈಕು ಅವಳ ಭಾರಕ್ಕೆ ಮೆತ್ತಗೆ ತಗ್ಗಿತು. ಅಮೋಲ್ ಹ್ಯಾಂಡಲಿಗೆ ಕೈ ಹಾಕಿಯೇ ನಿಂತಿದ್ದ. ಅವಳು ಎರಡೂ ಕಾಲು ಇಳಿಬಿಟ್ಟಳು. "ಕೈ ತಗೀರಿ," ಎಂದಳು. ಅವನಿಗೆ ಕನ್ನಡ ಬರದಿದ್ದರೂ ಕೈ ತೆಗೆದ.

ಬೈಕು ವಾಲಲಿಲ್ಲ.

ಆದರೆ ಅಪ್ಪ ಕಣ್ಣಿಗೆ ಕಂಡದ್ದನ್ನು ನಂಬುವವನಲ್ಲ. ನೆಲದ ಮೇಲೆ ಮಂಡಿಯೂರಿ ಅವಳ ಬಲ ಹಿಮ್ಮಡಿಯಡಿಗೆ ಟೇಪಿನ ತುದಿಯನ್ನು ತೂರಿಸಲು ನೋಡಿದ. ತೂರಲಿಲ್ಲ. ಎಡಕ್ಕೆ ಬಂದ. ಒಮ್ಮೆ ಮುರಿದಿದ್ದ ಕಾಲು ಅದು. ಅಲ್ಲಿ ಕೂದಲೆಳೆಯಷ್ಟು ಸಂದು ಇತ್ತು, ಟೇಪು ಒಳಗೆ ಹೋಯಿತು. ಅಪ್ಪ ತಲೆಯೆತ್ತಿ ಅವಳ ಮುಖ ನೋಡಿದ.

ಪ್ರಣೀತಾ ಸೀಟಿನ ಮೇಲೆ ಒಂದಿಷ್ಟು ಮುಂದಕ್ಕೆ ಸರಿದಳು, ಸೀಟು ಇನ್ನೂ ಸಣ್ಣಗಿದ್ದ ಕಡೆಗೆ. ಹಿಮ್ಮಡಿ ಕೂತಿತು. ಅಪ್ಪ ಟೇಪು ಎಳೆದ. ಬರಲಿಲ್ಲ. ಮತ್ತೆ ಎಳೆದ.

"ಕಾಲ ತಗೀ. ಟೇಪ್ ಹರದೀತು."

"ಮೊದಲ ಹೂಂ ಅನ್ರಿ," ಎಂದಳು ಪ್ರಣೀತಾ, ಹಿಮ್ಮಡಿಯನ್ನು ಇನ್ನಷ್ಟು ಒತ್ತಿ.