ಸುತ್ತಿಗೆಯಕ್ಕನ ಗಡಿಕಲ್ಲು

"ಗಡಿಕಲ್ಲಿನ ಆ ಕಡೆ ಹೋಗಿ ಕೆಮ್ಮು ಅನ್ನು ನಿನ್ನ ಗಂಡಂಗೆ. ಇಲ್ಲಿ ಕೆಮ್ಮಿದ್ರೆ ಇಲ್ಲಿನ ಡಾಕ್ಟ್ರೇ ನೋಡ್ಬೇಕು," ಎಂದರು ಆರೋಗ್ಯ ಇಲಾಖೆಯ ಸಾಹೇಬರು, ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಸುತ್ತಿಗೆಯಕ್ಕನ ಗುಡಿಸಲ ಒಳಗೆ ಕಾಲಿಡಲೂ ಅವರಿಗೆ ಹೇಸಿಗೆ. ಕೂಲಿಯವರು ಹೊರ ರಾಜ್ಯದ ಡಾಕ್ಟರಿಗೆ ಫೋನು ಮಾಡುತ್ತಾರೆಂದು ದೂರು ಕೊಟ್ಟ ಕ್ವಾರಿ ಧಣಿ ಪಕ್ಕದಲ್ಲೇ ಹಲ್ಲು ಕಿರಿಯುತ್ತಿದ್ದ.

ಇಲ್ಲಿನ ಡಾಕ್ಟರೆಂದರೆ ಧಣಿಯ ಡಾಕ್ಟರು. ಸುತ್ತಿಗೆಯಕ್ಕನ ಗಂಡನ ಎದೆ ಮುಟ್ಟಿಯೂ ನೋಡದೆ ಬೀಡಿ ಕೆಮ್ಮು ಎಂದು ಕೈ ತೊಳೆದುಕೊಂಡವನು. ಕಲ್ಲಿನ ಪುಡಿ ಶ್ವಾಸಕೋಶ ತಿಂದಿದೆ ಎಂದು ಬಾಯಿಬಿಟ್ಟು ಹೇಳಿದ್ದು ಫೋನಿನ ಡಾಕ್ಟರಮ್ಮ ಒಬ್ಬಳೇ. ಆಕೆಯ ಪರವಾನಗಿ ಪಕ್ಕದ ರಾಜ್ಯದ್ದು. ರೋಗಿ ಆ ನೆಲದ ಮೇಲಿದ್ದರೆ ಮಾತ್ರ ನೋಡಬಹುದಂತೆ. ಹಾಗಾಗಿ ಕ್ವಾರಿಯಲ್ಲಿ ಯಾರಿಗೆ ಕಾಯಿಲೆಯಾದರೂ ಗುಡ್ಡದ ಗಡಿಕಲ್ಲು ದಾಟಿ, ಬಂಡೆಯ ಮೇಲೆ ಕೂತು ವಿಡಿಯೊ ಕಾಲ್ ಮಾಡುವುದು ರೂಢಿ. ಕಲ್ಲು ದಾಟಿದ್ರಾ ಎಂಬುದೇ ಆಕೆಯ ಮೊದಲ ಪ್ರಶ್ನೆ.

ಈಗ ಗಂಡ ಮಗ್ಗುಲು ಬದಲಿಸಿದರೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನಿನ್ನೆ ಮಂಚದ ಪಕ್ಕದಿಂದಲೇ ಫೋನು ಮಾಡಿ, ಮನೆಯಲ್ಲೇ ಇದ್ದೀವಿ ಎಂದು ಸುತ್ತಿಗೆಯಕ್ಕ ಪೆದ್ದಿಯ ಹಾಗೆ ನಿಜ ಹೇಳಿಬಿಟ್ಟಿದ್ದಳು. ನೋಡಿದರೆ ನನ್ನ ಪರವಾನಗಿಯೇ ಹೋಗುತ್ತದೆ ಎಂದು ಡಾಕ್ಟರಮ್ಮ ಫೋನು ಇಟ್ಟಿದ್ದಳು.

"ಹೊತ್ಕೊಂಡು ಹೋದ್ರೆ ದಾರೀಲೇ ಸಾಯ್ತಾನೆ, ಸಾಹೇಬ್ರೆ."

"ಸತ್ರೆ ಡಾಕ್ಟ್ರೇ ಬೇಡ್ವಲ್ಲ ಮುಂಡೇದೇ," ಎಂದ ಧಣಿ.

ಸುತ್ತಿಗೆಯಕ್ಕನ ಮೈಯೆಲ್ಲ ಉರಿದುಹೋಯಿತು. ಮೂಲೆಯ ಹಾರೆ ಎತ್ತಿಕೊಂಡು ಗುಡ್ಡದ ಕಡೆ ನಡೆದಳು. ಏನು ಎತ್ತ ಎಂದು ಕೇಳದೆ ಕ್ವಾರಿಯ ಹೆಂಗಸರು ಗಂಡಸರು ಹಿಂದೆಯೇ ಹೊರಟರು. ದಿನವಿಡೀ ಬಂಡೆ ಎಬ್ಬಿಸುವ ಕೈಗಳಿಗೆ ಆ ಕಲ್ಲು ಯಾವ ಲೆಕ್ಕ? ಬಿಸಿಲು ನೆತ್ತಿಗೇರುವ ಹೊತ್ತಿಗೆ ಅದು ಧಣಿಯ ಆಫೀಸಿನ ಮೆಟ್ಟಿಲ ಮುಂದೆ ನೆಟ್ಟಗೆ ನಿಂತಿತ್ತು. ಗುಡಿಸಲುಗಳೆಲ್ಲ ಪಕ್ಕದ ರಾಜ್ಯಕ್ಕೆ ಸೇರಿಹೋದವು.

ಅದು ಸರ್ಕಾರದ ಕಲ್ಲು, ಈಗಲೇ ಕೀಳಿಸುತ್ತೇನೆ ಎಂದು ಸಾಹೇಬರು ತೊದಲಿದರು. ಸುತ್ತಿಗೆಯಕ್ಕ ಧಣಿಯ ಕಡೆ ತಿರುಗಿದಳು.

"ಯಾರ ಕೈಲಿ ಕೀಳಿಸ್ತೀಯೋ ಬೋಳಿಮಗನೆ? ಹಾರೆ ಹಿಡಿಯೋರು ನಾವೇ."

ಯಾರೂ ಕದಲಲಿಲ್ಲ. ಆಕೆ ಗುಡಿಸಲಿಗೆ ಹೋಗಿ ಫೋನು ಮಾಡಿ, ಬಾಗಿಲಾಚೆಯ ಕಲ್ಲು ಕಾಣುವಂತೆ ಹಿಡಿದಳು.

"ಕಲ್ಲು ದಾಟಿದ್ರಾ?" ಎಂದಳು ಡಾಕ್ಟರಮ್ಮ.

"ಕಲ್ಲೇ ನಮ್ಮನ್ನ ದಾಟಿದೆ, ತಾಯಿ."

ಡಾಕ್ಟರಮ್ಮ ಪರದೆಗೆ ಮುಖ ಹತ್ತಿರ ತಂದು ಕಲ್ಲನ್ನು ನೋಡಿದಳು. ಮಂಚದ ಮೇಲಿನ ಉಸಿರು ಗೊರಗುಟ್ಟುತ್ತಿತ್ತು.

"ಅಂಗಿ ಬಿಚ್ಚಿಸಿ," ಎಂದಳು ಡಾಕ್ಟರಮ್ಮ.